‘ಸಣ್ಣದಾಗು’ ಅನ್ನುವುದಕ್ಕೆ ವಿರುದ್ಧ ಪದ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಸಂಜೆ ಹೊತ್ತು ಕನ್ನಡ ಟ್ಯೂಷನ್ ನಡೆಯುತ್ತದೆ. ಏಳನೇ ಕ್ಲಾಸಿನವರು ಬರುತ್ತಾರೆ, ಎಸ್‌ಡಿಎ, ಎಫ್‌ಡಿಎ ಪರೀಕ್ಷೆಗೆ ಓದುವವರು ಬರುತ್ತಾರೆ, ಮನೆಯಲ್ಲಿ ಉರ್ದು ಇಲ್ಲವೇ ಮರಾಠಿ ಮಾತಾಡುವ ಮಕ್ಕಳೂ ಬರುತ್ತಾರೆ. ಒಂದಲ್ಲ ಒಂದು ದಿನ ಎಲ್ಲರೂ ಕೇಳುವುದು ಇದನ್ನೇ: ಟೀಚರ್, ಕುಗ್ಗುವುದು, ಇಳಿಯುವುದು, ಸೊರಗುವುದು, ಬತ್ತುವುದು, ಇವಕ್ಕೆಲ್ಲ ವಿರುದ್ಧ ಪದ ಒಂದೇ ಹೇಳಿಬಿಡಿ. ಒಂದೇ ಹೇಳಲಿಕ್ಕೆ ಬರುವುದಿಲ್ಲ, ಅದೇ ತೊಂದರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಪರೀಕ್ಷೆ ನಾಳೆ ಇದೆ. ಸುಮ್ನೆ ಒಂದು ಪದ ಹೇಳಿ, ಯಾವುದು ಬರೆಯಲಿ?

‘ಹಿಗ್ಗು’ ಬರೆಯಿರಿ. ಆದರೆ ಕೊಟ್ಟಿರುವ ಪದ ‘ಕುಗ್ಗು’ ಆಗಿದ್ದರೆ ಮಾತ್ರ. ‘ಇಳಿಕೆ’ ಕೊಟ್ಟಿದ್ದರೆ ‘ಏರಿಕೆ’, ‘ಕಡಿಮೆ’ ಕೊಟ್ಟಿದ್ದರೆ ‘ಹೆಚ್ಚು’, ‘ಕಿರಿದು’ ಕೊಟ್ಟಿದ್ದರೆ ‘ಹಿರಿದು’, ‘ಹ್ರಾಸ’ ಕೊಟ್ಟಿದ್ದರೆ ‘ವೃದ್ಧಿ’, ‘ಅವನತಿ’ ಕೊಟ್ಟಿದ್ದರೆ ‘ಉನ್ನತಿ’, ‘ಸಂಕುಚಿತ’ ಕೊಟ್ಟಿದ್ದರೆ ‘ವಿಶಾಲ’. ಕನ್ನಡದ್ದಕ್ಕೆ ಕನ್ನಡದ್ದು, ಸಂಸ್ಕೃತದ್ದಕ್ಕೆ ಸಂಸ್ಕೃತದ್ದು ಜೋಡಿ ಮಾಡಿದರೆ ಮಾರ್ಕ್ಸ್ ಹೋಗುವುದು ಕಡಿಮೆ. ‘ಹ್ರಾಸ’ಕ್ಕೆ ‘ಹೆಚ್ಚು’ ಅಂತ ಬರೆದರೆ ಅರ್ಥ ತಪ್ಪಲ್ಲ, ಆದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಕಾಣುತ್ತದೆ.

ಎಲ್ಲದಕ್ಕೂ ‘ಹಿಗ್ಗು’ ಯಾಕೆ ಸಾಲುವುದಿಲ್ಲ?

ಏನು ಸಣ್ಣದಾಗುತ್ತಿದೆ ಅನ್ನುವುದನ್ನು ನೋಡಿ ಕನ್ನಡ ಪದ ಬದಲಿಸುತ್ತದೆ. ಹಾಗಾಗಿ ದೊಡ್ಡದಾಗುವಾಗಲೂ ಬದಲಿಸಲೇಬೇಕು. ಕೆರೆ ಬತ್ತುತ್ತದೆ, ಆಮೇಲೆ ತುಂಬುತ್ತದೆ. ಹೂವು ಮುದುಡುತ್ತದೆ, ಅರಳುತ್ತದೆ. ದನಿ ತಗ್ಗುತ್ತದೆ, ಏರುತ್ತದೆ. ಜ್ವರ ಬಂದವನು ಸೊರಗುತ್ತಾನೆ, ನಾಲ್ಕು ವಾರ ಸರಿಯಾಗಿ ಉಂಡರೆ ಮೈ ತುಂಬಿಕೊಳ್ಳುತ್ತಾನೆ. ತೊಗರಿ ರೇಟು ಬೀಳುತ್ತದೆ, ಏಳುತ್ತದೆ. ಕಾಲಿನ ಬಾವು ಇಳಿಯುತ್ತದೆ, ಆದರೆ ಅದು ‘ಏರುವುದಿಲ್ಲ’, ಬಾವು ‘ಬರುತ್ತದೆ’. ಗ್ಯಾಸ್ ಉರಿ ಸಣ್ಣ ಮಾಡುತ್ತೇವೆ, ಜೋರು ಮಾಡುತ್ತೇವೆ. ಒಬ್ಬ ಹುಡುಗ ನಮ್ಮ ಊರಿನ ಕೆರೆಯ ಬಗ್ಗೆ ಪ್ರಬಂಧದಲ್ಲಿ ‘ಮಳೆ ಬಂದು ಅಪ್ಪನ ಕೆರೆ ಹಿಗ್ಗಿತು’ ಅಂತ ಬರೆದಿದ್ದ. ಓದಿದರೆ ಕೆರೆಗೆ ಯಾರೋ ಬಹುಮಾನ ಕೊಟ್ಟ ಹಾಗಿತ್ತು.

ಅಂದರೆ ಹಿಗ್ಗು ಅಂದ್ರೆ ಖುಷಿ ಪಡುವುದಾ, ದೊಡ್ಡದಾಗುವುದಾ?

ಎರಡೂ. ಖುಷಿಯಾದಾಗ ಎದೆ ಉಬ್ಬುತ್ತದೆ ಅಲ್ವಾ, ದುಃಖದಲ್ಲಿ ಮೈ ಮುದುಡುತ್ತದೆ. ಅಲ್ಲಿಂದಲೇ ‘ಹಿಗ್ಗದೆ ಕುಗ್ಗದೆ’ ಅನ್ನುವ ಮಾತು ಬಂದಿರಬೇಕು ಅಂತ ನನಗನ್ನಿಸುತ್ತದೆ. ‘ಹಿರಿಹಿರಿ ಹಿಗ್ಗಿದ’ ಅಂದರೆ ಬರೀ ಸಂತೋಷ. ‘ಕಬ್ಬಿಣ ಹಿಗ್ಗಿತು’ ಅಂದರೆ ಅಳತೆಯ ಮಾತು.

ಈ ಎರಡನೇ ಅರ್ಥ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಮುತ್ಯಾನ (ಅಜ್ಜನ) ಊರಲ್ಲಿ ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿ ತಿಳಿದದ್ದು. ಪಟ್ಟಿಯ ಸುತ್ತಳತೆಯನ್ನು ಮರದ ಗಾಲಿಗಿಂತ ಚೂರು ಕಡಿಮೆಯೇ ಇಟ್ಟಿರುತ್ತಾರೆ. ಹಾಗೇ ಹಾಕಲು ಹೋದರೆ ಕೂರುವುದಿಲ್ಲ. ನೆಲದ ಮೇಲೆ ಪಟ್ಟಿ ಮಲಗಿಸಿ, ಮೇಲೆ ಕೆಳಗೆ ಕುಳ್ಳು (ಬೆರಣಿ) ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ಕೆಂಪಗೆ ಕಾದ ಮೇಲೆ ಕಂಬಾರ ‘ಹಿಗ್ಗ್ಯಾದ, ಹಿಡೀರಿ’ ಅಂತ ಕೂಗುತ್ತಿದ್ದ. ಮೂವರು ಇಕ್ಕಳದಲ್ಲಿ ಹಿಡಿದು ತಂದು ಗಾಲಿಯ ಮೇಲೆ ಇಟ್ಟರೆ ಸಲೀಸಾಗಿ ಇಳಿಯುತ್ತಿತ್ತು. ಮರ ಹೊಗೆಯಾಡಲು ಶುರು ಮಾಡುತ್ತಿದ್ದಂತೆ ಕೊಡ ಕೊಡ ನೀರು ಸುರಿಯುತ್ತಿದ್ದರು. ಚುಂಯ್ ಅಂತ ಸದ್ದು, ಜೊತೆಗೆ ಗಾಲಿಯ ಕೀಲುಗಳೆಲ್ಲ ಕಟಕಟ ಅಂತ ಬಿಗಿಯಾಗುವ ಸದ್ದು. ಪಟ್ಟಿ ಕುಗ್ಗುತ್ತಿತ್ತು. ಒಂದು ಮೊಳೆ ಹೊಡೆಯದಿದ್ದರೂ ಗಾಲಿ ಬಿಗಿ.

ರೈಲು ಹಳಿಯದೂ ಇದೇ ಕತೆ. ಉಕ್ಕು ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ 10 ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಒಂದು ಕಿಲೋಮೀಟರ್ ಹಳಿಯನ್ನು ಹಿಡಿದಿಡದೆ ಬಿಟ್ಟರೆ, ಬೆಳಗಿನ ತಂಪಿಗೂ ನಮ್ಮ ವಾಡಿ ಜಂಕ್ಷನ್ನಿನ ಮಧ್ಯಾಹ್ನದ ಬಿಸಿಲಿಗೂ ಹಳಿಯ ಬಿಸಿಯಲ್ಲಿ 30 ಡಿಗ್ರಿ ವ್ಯತ್ಯಾಸ ಅಂತ ಹಿಡಿದರೆ, ಅದು 36 ಸೆಂಟಿಮೀಟರ್ ಉದ್ದವಾಗಬೇಕು. ಒಂದು ಮೊಳಕ್ಕೆ ಸ್ವಲ್ಪ ಕಡಿಮೆ.

‘ಉಳ್ಳಾಗಡ್ಡಿ ಹೆಚ್ಚು’ ಅಂದರೆ ಉಳ್ಳಾಗಡ್ಡಿ ಸಣ್ಣದಾಗುತ್ತದೆ. ಮತ್ತೆ ‘ಹೆಚ್ಚು’ ಅಂದರೆ ದೊಡ್ಡದಾಗು ಅಂತೀರಿ?

ಈ ಪ್ರಶ್ನೆ ಕೇಳಿದ ಹುಡುಗಿಗೆ ಅವತ್ತು ಒಂದು ಪೆನ್ನು ಕೊಟ್ಟೆ. ನೋಡಲು ಒಂದೇ ಆದರೂ ಅವು ಎರಡು ಬೇರೆ ಪದಗಳು. ಜಾಸ್ತಿಯಾಗು ಅನ್ನುವ ‘ಹೆಚ್ಚು’ ಹಳಗನ್ನಡದಲ್ಲಿ ‘ಪೆರ್ಚು’ ಆಗಿತ್ತು. ‘ಪ’ಕಾರ ‘ಹ’ಕಾರವಾಗಿ ಈಗಿನ ರೂಪ ಬಂದಿದೆ, ಪಾಲು ಹಾಲಾಯಿತಲ್ಲ, ಹಾಗೆ. ಅಡುಗೆಮನೆಯ ‘ಹೆಚ್ಚು’ ಅಂದರೆ ಕತ್ತರಿಸು. ಅನುಮಾನ ಬಂದರೆ ‘ಇಸು’ ಹಚ್ಚಿ ನೋಡಿ. ‘ಸಂಬಳ ಹೆಚ್ಚಿಸು’ ಸರಿ ಹೋಗುತ್ತದೆ. ‘ಉಳ್ಳಾಗಡ್ಡಿ ಹೆಚ್ಚಿಸು’ ಅಂದರೆ ಸಾರಿಗೆ ಇನ್ನೂ ನಾಲ್ಕು ಹಾಕು ಅಂತಾಗುತ್ತದೆ.

‘ಜಾಸ್ತಿ’ ಕನ್ನಡ ಪದ ಅಲ್ಲ ಅಂತಾರೆ. ಬರೆಯಬಹುದಾ?

ಮೂಲ ಅರಬಿಯದು, ‘ಜಿಯಾದಾ’ ಅನ್ನುವ ಮಾತಿನ ಕಡೆಯದು. ಫಾರಸಿ, ಉರ್ದು, ಮರಾಠಿ ಎಲ್ಲ ಸುತ್ತಿಕೊಂಡು ನಮ್ಮ ಬಾಯಿಗೆ ಬಂದಿದೆ. ಅದರ ಜೋಡಿ ‘ಕಮ್ಮಿ’ ಫಾರಸಿಯ ‘ಕಮ್’ನಿಂದ ಬಂದದ್ದು. ಹಾಗಾಗಿ ‘ಕಮ್ಮಿ–ಜಾಸ್ತಿ’ ಅನ್ನುವ ಜೋಡಿ ಎರಡೂ ಕಡೆ ಹೊರಗಿನದೇ, ‘ಕಡಿಮೆ–ಹೆಚ್ಚು’ ಎರಡೂ ಕಡೆ ಇಲ್ಲಿನದು. 1347ರಲ್ಲಿ ಬಹಮನಿಯವರು ಇಲ್ಲಿ ರಾಜಧಾನಿ ಮಾಡಿಕೊಂಡರು, ಆಮೇಲೆ ಬೀದರಿಗೆ ಹೋದರು. ಕೊನೆಗೆ ನಿಜಾಮರ ಕಾಲದಲ್ಲಿ ಕಚೇರಿ ಭಾಷೆಯೇ ಉರ್ದು. 1948ರ ಸೆಪ್ಟೆಂಬರ್ 17ರವರೆಗೆ ಹಾಗೇ ನಡೆಯಿತು. ಇಷ್ಟು ವರ್ಷ ಜೊತೆಗಿದ್ದ ಪದವನ್ನು ಹೊರಗೆ ಹಾಕುವುದು ಯಾಕೆ? ಮೈಸೂರಿನವರೂ ದಿನಕ್ಕೆ ಹತ್ತು ಸಲ ‘ಜಾಸ್ತಿ’ ಅನ್ನುತ್ತಾರೆ. ಪ್ರಬಂಧದಲ್ಲಿ ‘ಹೆಚ್ಚು’ ಬರೆಯಿರಿ, ತರಕಾರಿಯವರ ಹತ್ತಿರ ‘ಜಾಸ್ತಿ ಆಯ್ತು’ ಅನ್ನಿ, ಮುಗಿಯಿತು.

‘ಆವಾಜ್ ಜಾಸ್ತಿ ಮಾಡು’, ‘ಫ್ಯಾನ್ ಜೋರ್ ಮಾಡು’, ‘ಅಂಗಿ ಢೀಲಾ ಆಗ್ಯಾದ’, ಇವೆಲ್ಲ ನಮ್ಮ ಊರಿನ ದೊಡ್ಡದಾಗುವ ಮಾತುಗಳೇ.

ಅಜ್ಜಿ ದೀಪ ಆರಿಸುವುದಕ್ಕೆ ‘ದೀಪ ದೊಡ್ಡದು ಮಾಡು’ ಅಂತಾರೆ. ಇದು ಉಲ್ಟಾ ಅಲ್ವಾ?

ಉಲ್ಟಾನೇ. ಬೇಕಂತಲೇ ಉಲ್ಟಾ. ಈ ಪುಟದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.

ಮನೆಯಲ್ಲಿ ಕೆಲವು ವಸ್ತು ಮುಗಿದವು, ಆರಿದವು, ಒಡೆದವು ಅಂತ ಬಾಯಿಬಿಟ್ಟು ಹೇಳಬಾರದು ಅನ್ನುವುದು ಹಿರಿಯರ ನಂಬಿಕೆ. ದೀಪ ಆರಿತು ಅಂದರೆ ಕೆಟ್ಟ ಮಾತು, ಬಳೆ ಒಡೆಯಿತು ಅಂದರೆ ಇನ್ನೂ ಕೆಟ್ಟದ್ದು. ಹಾಗಾಗಿ ಇಲ್ಲವಾಗುವುದನ್ನು ಬೆಳೆಯುವ ಪದದಲ್ಲೇ ಹೇಳುತ್ತಾರೆ. ನಮ್ಮ ಆಯಿ ಕುಂಕುಮದ ಭರಣಿ ಬರಿದಾದರೆ ‘ಕುಂಕುಮ ಹೆಚ್ಚ್ಯಾದ, ತಗೊಂಡ್ ಬಾ’ ಅನ್ನುತ್ತಿದ್ದಳು. ಕೈಬಳೆ ಚೂರಾದರೆ ‘ಬಳಿ ಹೆಚ್ಚಿದವು’. ರಾತ್ರಿ ದೇವರ ಮನೆಯಲ್ಲಿ ‘ದೀಪ ದೊಡ್ಡದು ಮಾಡು’.

ನಮ್ಮ ವೈನಿ ಮೈಸೂರು ಕಡೆಯವರು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ರಾತ್ರಿ ಆಯಿ ಹಾಸಿಗೆಯಿಂದಲೇ ‘ದೀಪ ದೊಡ್ಡದು ಮಾಡವ್ವಾ’ ಅಂದಳು. ವೈನಿ ಎದ್ದು ಹೋಗಿ ಎಣ್ಣೆ ಹಾಕಿ ಬತ್ತಿ ಎಳೆದು ಬಂದರು. ಬೆಳಕು ಜಾಸ್ತಿ ಆಯಿತು. ಆಯಿ ಮತ್ತೆ ಅಂದಳು, ‘ದೊಡ್ಡದು ಮಾಡಂದ್ರ ಏನ್ ಮಾಡಿದಿ?’ ವೈನಿ ಮತ್ತೆ ಹೋಗಿ ಇನ್ನೊಂದು ಬತ್ತಿ ಹಾಕಿದರು! ಆ ಮೇಲೆ ಅಣ್ಣ ಎದ್ದು ನಗುತ್ತಾ ಹೂವಿನಿಂದ ದೀಪ ಆರಿಸಿದ. ವೈನಿ ಈಗಲೂ ಫೋನಿನಲ್ಲಿ ಮಾತು ಮುಗಿಸುವಾಗ ‘ಸರಿ, ಫೋನ್ ದೊಡ್ಡದು ಮಾಡ್ತೀನಿ’ ಅಂತ ತಮಾಷೆ ಮಾಡುತ್ತಾರೆ.

ಇದು ಕನ್ನಡದಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಬೀದರ್ ಕಡೆಯ ಮರಾಠಿ ಮನೆಗಳ ಮಕ್ಕಳನ್ನು ಕೇಳಿ ನೋಡಿ. ಮರಾಠಿಯಲ್ಲಿ ‘ವಾಢ’ ಅಂದರೆ ಬೆಳೆ, ಆದರೆ ಬಳೆ ಒಡೆದರೆ ‘ಬಾಂಗಡಿ ವಾಢವಲಿ’, ತೆಂಗಿನಕಾಯಿ ಒಡೆಯುವುದಕ್ಕೂ ‘ನಾರಳ್ ವಾಢವಣೆ’. ಉರ್ದು, ಹಿಂದಿಯಲ್ಲಿ ಅಂಗಡಿ ಮುಚ್ಚುವುದಕ್ಕೆ ‘ದುಕಾನ್ ಬಢಾನಾ’, ಅಂದರೆ ಅಕ್ಷರಕ್ಕೆ ಅಕ್ಷರ ಅಂಗಡಿ ಬೆಳೆಸುವುದು. ಮೂರು ಭಾಷೆಯ ಅಜ್ಜಿಯರು ಒಂದೇ ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡ ಹಾಗಿದೆ.

ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ. ಕೇಳಬೇಕು.

‘ಅಂಗಿ ಸಣ್ಣದಾಯಿತು’ ಅನ್ನುವುದಕ್ಕೆ ವಿರುದ್ಧ ವಾಕ್ಯ ಬರೆಯಿರಿ ಅಂದಿದ್ದರು. ‘ಅಂಗಿ ದೊಡ್ಡದಾಯಿತು’ ಬರೆದೆ. ಸರಿನಾ?

ವ್ಯಾಕರಣದಲ್ಲಿ ಸರಿ. ಬದುಕಿನಲ್ಲಿ ಎರಡು ಸಂಗತಿ ಇವೆ. ಹತ್ತಿಯ ಬಟ್ಟೆ ಮೊದಲ ಸಲ ನೀರಿಗೆ ಹಾಕಿದಾಗ ನಿಜವಾಗಲೂ ಕುಗ್ಗುತ್ತದೆ. ಅದಕ್ಕೆ ವಿರುದ್ಧ ‘ಜಗ್ಗಿತು’, ‘ಸಡಿಲಾಯಿತು’. ಆದರೆ ತಾಯಂದಿರು ಜೂನ್ ತಿಂಗಳಲ್ಲಿ ಯೂನಿಫಾರಂ ತೆಗೆದು ‘ಅಂಗಿ ಸಣ್ಣ ಆಗ್ಯಾದ’ ಅನ್ನುತ್ತಾರಲ್ಲ, ಅಲ್ಲಿ ಅಂಗಿ ಹೋದ ವರ್ಷ ಇದ್ದಷ್ಟೇ ಇದೆ. ಬೆಳೆದದ್ದು ಹುಡುಗ. ಬೆಳೆದವನನ್ನು ಬಿಟ್ಟು ಅಂಗಿಯ ಮೇಲೆ ಹಾಕುತ್ತೇವೆ. ನಮ್ಮ ಓಣಿಯ ಟೇಲರ್ ಚಾಚಾ ಮಾತ್ರ ಸರಿಯಾಗಿ ಹೇಳುತ್ತಾರೆ: ‘ಅಂಗಿ ಏನೂ ಆಗಿಲ್ಲಮ್ಮಾ, ಒಳಗ ಬಟ್ಟಿ ಬಿಟ್ಟೀನಿ, ಹೊಲಿಗಿ ಬಿಚ್ಚಿ ಕೊಡ್ತೀನಿ’.

ಇನ್ನೊಂದು ಎಚ್ಚರಿಕೆ. ಹೊಸದಾಗಿ ಕನ್ನಡ ಕಲಿಯುವವರು ‘ಹುಡುಗಿ ದೊಡ್ಡವಳಾದಳು’ ಅಂತ ಹಗುರವಾಗಿ ಬರೆಯಬೇಡಿ, ಅದಕ್ಕೆ ಮೈನೆರೆದಳು ಅನ್ನುವ ಅರ್ಥ ಗಟ್ಟಿಯಾಗಿ ಕೂತಿದೆ. ಎತ್ತರ ಬೆಳೆದಳು ಅನ್ನಬೇಕಿದ್ದರೆ ‘ಎತ್ತರ ಆಗಿದ್ದಾಳೆ’ ಅನ್ನಿ.

ಉಬ್ಬು, ಊದು, ಬಾತು, ಉಕ್ಕು, ಅರಳು, ಬಲಿ... ಎಲ್ಲ ಒಂದೇ ತಾನೇ?

ಅಡುಗೆಮನೆಗೆ ಬನ್ನಿ, ಅಲ್ಲಿ ಗೊತ್ತಾಗುತ್ತದೆ.

ಜೋಳದ ರೊಟ್ಟಿಯನ್ನು ತಟ್ಟಿ ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿ, ಅಂಚು ಒತ್ತಿದರೆ ಅದು ಉಬ್ಬುತ್ತದೆ. ಒಳಗಿನ ಹಬೆ ಹೊರಗೆ ಹೋಗಲು ದಾರಿ ಸಿಗದೆ ಮೇಲಿನ ಪದರವನ್ನು ಎತ್ತುತ್ತದೆ. ಉಬ್ಬುವುದು ಅಂದರೆ ಒಳಗಿನಿಂದ ಮೇಲೆ ಏಳುವುದು. ಫುಗ್ಗಾಕ್ಕೆ ಗಾಳಿ ಹಾಕುವುದು ‘ಊದು’. ದಕ್ಷಿಣದ ಓದುಗರಿಗೆ ಹೇಳುತ್ತೇನೆ, ಫುಗ್ಗಾ ಅಂದರೆ ಬಲೂನು. ಅಲ್ಲಿ ಹೊರಗಿನಿಂದ ಒಬ್ಬರು ಉಸಿರು ಕೊಡುತ್ತಾರೆ. ಕಾಲು ಪೆಟ್ಟಾಗಿ ದಪ್ಪಗಾದರೆ ‘ಬಾತಿದೆ’, ‘ಊದಿದೆ’. ‘ರೊಟ್ಟಿ ಬಾತಿದೆ’ ಅಂದರೆ ಮಾತ್ರ ರೊಟ್ಟಿಯನ್ನು ದವಾಖಾನೆಗೆ ಕರಕೊಂಡು ಹೋಗಬೇಕು.

ಹಾಲು ಉಕ್ಕುತ್ತದೆ. ಪಾತ್ರೆಯ ಅಂಚು ದಾಟುವುದು ಅದರ ಲಕ್ಷಣ, ಹಾಗಾಗಿ ಹೊಳೆಯೂ ಉಕ್ಕುತ್ತದೆ, ಸಿಟ್ಟೂ ಉಕ್ಕುತ್ತದೆ. ಭೀಮಾ ನದಿ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅಲ್ಲಿ ಮಳೆ ಸುರಿದು ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಅಫಜಲಪುರ, ಜೇವರ್ಗಿ ಕಡೆ ಹೊಳೆ ಏರುತ್ತದೆ. 2020ರ ಅಕ್ಟೋಬರಿನಲ್ಲಿ ಹಾಗೇ ಆಯಿತು, ದಂಡೆಯ ಊರುಗಳಿಗೆ ನೀರು ನುಗ್ಗಿತು. ಆಗ ನಮ್ಮ ಕಡೆಯವರು ‘ಪ್ರವಾಹ’ ಅನ್ನಲಿಲ್ಲ, ‘ಹೊಳಿ ಬಂದಾದ’ ಅಂದರು. ಹೊಳೆ ಯಾವಾಗಲೂ ಅಲ್ಲೇ ಇತ್ತಲ್ಲ, ಬಂದದ್ದು ಏನು? ಅದೇ ಕನ್ನಡ.

ಅರಳು ಅಂದರೆ ಹೂವು ಮಾತ್ರ ಅಲ್ಲ. ನಾಗರ ಪಂಚಮಿಗೆ ಜೋಳ ಹುರಿದು ಅಳ್ಳು ಮಾಡುತ್ತೇವಲ್ಲ, ಅದು ‘ಅರಳು’ ಅನ್ನುವುದರ ಆಡುಮಾತಿನ ರೂಪ. ಕಾದ ಬಾಣಲೆಗೆ ಮುಷ್ಟಿ ಜೋಳ ಹಾಕಿದರೆ ಒಳಗಿನ ನೀರಿನಂಶ ಹಬೆಯಾಗಿ ಕಾಳು ಚಟಾರಂತ ಒಡೆದು ಬಿಳಿ ಹೂವಾಗುತ್ತದೆ. ಅರಳಿತು ಅಂದರೆ ಅರಳಿತೇ. ಇದಕ್ಕೆ ಇದಕ್ಕಿಂತ ಒಳ್ಳೆಯ ಪದ ಇನ್ಯಾವ ಭಾಷೆಯಲ್ಲಿದ್ದೀತು?

ಬಲಿಯುವುದು ಸಂತೋಷದ ಬೆಳವಣಿಗೆ ಅಲ್ಲ. ಬದನೆಕಾಯಿ ಬಲಿತರೆ ಒಳಗೆ ಬೀಜ, ಎಣಗಾಯಿಗೆ ಬರುವುದಿಲ್ಲ. ಅದಕ್ಕೆ ವಿರುದ್ಧ ‘ಎಳೆಯದು’.

ಮನುಷ್ಯರಿಗೂ ಇವೇ ಪದ ಬಳಸಬಹುದಾ?

ಬಳಸಬಹುದು, ಹೆಚ್ಚಿನವು ಬೈಗುಳ ಆಗುತ್ತವೆ. ‘ಉಬ್ಬಿ ಹೋದ’ ಅಂದರೆ ಹೊಗಳಿಕೆ ತಲೆಗೇರಿತು. ‘ಉಬ್ಬಿಸಬೇಡ’ ಅಂದರೆ ಸುಮ್ಮನೆ ಹೊಗಳಬೇಡ. ‘ಮುಖ ಊದಿಸಿಕೊಂಡಳು’ ಅಂದರೆ ಮುನಿಸು. ‘ಕೊಬ್ಬಿದ್ದಾನೆ’ ಅಂದರೆ ತೂಕದ ಮಾತಲ್ಲ, ಸೊಕ್ಕಿನ ಮಾತು. ಮದುವೆ ಮನೆಯಲ್ಲಿ ಯಾರನ್ನಾದರೂ ನೋಡಿ ದಪ್ಪ ಆಗಿದ್ದಾರೆ ಅನ್ನಿಸಿದರೆ ‘ಮೈ ತುಂಬಿಕೊಂಡೀರಿ’ ಅನ್ನಿ, ಊಟ ಮುಗಿಯುವವರೆಗಾದರೂ ಸಂಬಂಧ ಉಳಿಯುತ್ತದೆ.

ಎರೆ ಮಣ್ಣು ಬೇಸಿಗೆಯಲ್ಲಿ ಹಿಗ್ಗುತ್ತದಾ, ಕುಗ್ಗುತ್ತದಾ? ಬಿರುಕು ದೊಡ್ಡದಾಗುತ್ತದಲ್ಲ?

ಮಣ್ಣು ಕುಗ್ಗುತ್ತದೆ, ಬಿರುಕು ಹಿಗ್ಗುತ್ತದೆ. ಎರಡೂ ಒಂದೇ ಸಲ.

ನಮ್ಮ ಕಲಬುರಗಿ, ಯಾದಗಿರಿ ಕಡೆಯ ಕಪ್ಪು ಎರೆ ಬಸಾಲ್ಟ್ ಕಲ್ಲು ಸವೆದು ಆದ ಮಣ್ಣು. ಅದರಲ್ಲಿ ಸ್ಮೆಕ್ಟೈಟ್ ಜಾತಿಯ ಜೇಡಿ ಜಾಸ್ತಿ. ಈ ಜೇಡಿ ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಇರುತ್ತದೆ. ಮಳೆ ಬಂದರೆ ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ. ಮೇ ತಿಂಗಳಿಗೆ ನೀರು ಆರಿ ಪದರಗಳು ಹತ್ತಿರ ಬರುತ್ತವೆ, ಮಣ್ಣು ಕುಗ್ಗಿ ನೆಲ ಬಾಯಿ ಬಿಡುತ್ತದೆ. ಚಿಕ್ಕವಳಿದ್ದಾಗ ಮುತ್ಯಾನ ಹೊಲದಲ್ಲಿ ನನ್ನ ಬಳಪ ಒಂದು ಬಿರುಕಿಗೆ ಬಿತ್ತು. ಕೈ ಹಾಕಿದೆ, ಮೊಣಕೈವರೆಗೆ ಹೋಯಿತು, ಬಳಪ ಸಿಗಲಿಲ್ಲ. ಮುತ್ಯಾ ‘ಭೂಮ್ತಾಯಿ ಬರೀಲಾಕ ಇಸ್ಕೊಂಡಾಳ ಬಿಡು’ ಅಂದ.

ಮನೆ ಕಟ್ಟುವವರಿಗೆ ಇದು ತಮಾಷೆ ಅಲ್ಲ. ವರ್ಷವರ್ಷ ಹಿಗ್ಗಿ ಕುಗ್ಗುವ ನೆಲದ ಮೇಲೆ ಗೋಡೆ ಸೀಳುತ್ತದೆ. ಅದಕ್ಕೇ ಗೌಂಡಿಗಳು ಎರೆ ತೋಡಿ ತೆಗೆದು ಮೊರಂ ತುಂಬಿಸಿ ದಮ್ಮಸು ಹೊಡೆಸುತ್ತಾರೆ. ನಾವು ಹಿಂದೆ ಬಾಡಿಗೆಗಿದ್ದ ಮನೆಯಲ್ಲಿ ಯಾರೋ ಆ ಖರ್ಚು ಉಳಿಸಿದ್ದರು. ಬೇಸಿಗೆಯಲ್ಲಿ ಗೋಡೆಯ ಸೀಳಿನಲ್ಲಿ ಪೋಸ್ಟ್‌ಕಾರ್ಡ್ ಸಿಗಿಸಿಡಬಹುದಿತ್ತು, ಮಳೆಗಾಲದಲ್ಲಿ ಅದನ್ನು ಎಳೆದರೆ ಬರುತ್ತಿರಲಿಲ್ಲ.

ವಿಜ್ಞಾನದ ಪುಸ್ತಕದಲ್ಲಿ ‘ವ್ಯಾಕೋಚನ’ ಅಂತಿದೆ. ಅದೇನು?

ಸಂಕೋಚನದ ವಿರುದ್ಧ. ಹೃದಯ ಹಿಂಡಿಕೊಳ್ಳುವುದು ಸಂಕೋಚನ, ಸಡಿಲಾಗಿ ಮತ್ತೆ ತುಂಬಿಕೊಳ್ಳುವುದು ವ್ಯಾಕೋಚನ. ಬಿಪಿ 120/80 ಅಂತ ಬರೆಯುತ್ತಾರಲ್ಲ, ಮೇಲಿನದು ಸಂಕೋಚನದ ಒತ್ತಡ, ಕೆಳಗಿನದು ವ್ಯಾಕೋಚನದ ಒತ್ತಡ. ಮಾತಿನಲ್ಲಿ ಮಾತ್ರ ‘ಸಂಕೋಚ’ ಅಂದರೆ ನಾಚಿಕೆ, ಹಿಂಜರಿಕೆ. ಅದಕ್ಕೆ ವಿರುದ್ಧ ‘ವ್ಯಾಕೋಚ’ ಅಂತ ಬರೆದ ಹುಡುಗನ ಧೈರ್ಯ ಮೆಚ್ಚಿದೆ, ಮಾರ್ಕ್ಸ್ ಕೊಡಲಿಲ್ಲ. ‘ನಿಸ್ಸಂಕೋಚ’ ಸರಿ. ಗಣಿತದಲ್ಲಿ ಏರಿಕೆ ಕ್ರಮ, ಇಳಿಕೆ ಕ್ರಮ. ಸಂಗೀತದಲ್ಲಿ ಆರೋಹಣ, ಅವರೋಹಣ.

‘ವೃದ್ಧಿ’ ಅಂದರೆ ಬೆಳೆಯುವುದು, ‘ವೃದ್ಧ’ ಅಂದರೆ ಮುದುಕ. ಮುದುಕರು ಕುಗ್ಗುತ್ತಾರಲ್ಲ?

ಬೆನ್ನು ಬಾಗುತ್ತದೆ, ಎತ್ತರ ಇಳಿಯುತ್ತದೆ, ನಿಜ. ಆದರೆ ಪದ ಮೈಯನ್ನು ನೋಡಿಲ್ಲ. ಎರಡಕ್ಕೂ ಮೂಲ ಸಂಸ್ಕೃತದ ‘ವೃಧ್’, ಬೆಳೆ ಅಂತ ಅರ್ಥ. ವೃದ್ಧ ಅಂದರೆ ಬೆಳೆದು ಮುಗಿಸಿದವನು.

‘ಮೂರು ಪಟ್ಟು ಕಡಿಮೆ’ ಅಂತ ಬರೆಯಬಹುದಾ?

ದಯವಿಟ್ಟು ಬೇಡ. ಪಟ್ಟು, ಮಡಿ ಇವು ದೊಡ್ಡದಾಗುವ ಕಡೆಯ ಮಾತು. 100 ರೂಪಾಯಿ 300 ಆದರೆ ಮೂರು ಪಟ್ಟಾಯಿತು. 300 ರೂಪಾಯಿ 100 ಆದರೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಒಂದು ಪಟ್ಟು ಕಡಿಮೆ ಆದರೇ ಸೊನ್ನೆ, ಇನ್ನು ಮೂರು ಪಟ್ಟು ಕಡಿಮೆ ಆದರೆ ಅಂಗಡಿಯವನೇ ನಮಗೆ ದುಡ್ಡು ಕೊಡಬೇಕು. ಇಮ್ಮಡಿ, ಮುಮ್ಮಡಿ ಅಂದರೆ ಎರಡು ಪಟ್ಟು, ಮೂರು ಪಟ್ಟು. ಆದರೆ ಇಮ್ಮಡಿ ಪುಲಕೇಶಿ ಅಂದರೆ ಎರಡು ಪಟ್ಟು ದಪ್ಪ ಪುಲಕೇಶಿ ಅಲ್ಲ, ಆ ಹೆಸರಿನ ಎರಡನೆಯವನು.

ಪದದ ಮುಂದೆ ಏನಾದರೂ ಹಚ್ಚಿ ದೊಡ್ಡದು ಮಾಡಲು ಬರುತ್ತದಾ?

ಬರುತ್ತದೆ. ‘ಕಿರು’ ಹಚ್ಚಿದರೆ ಸಣ್ಣದು, ‘ಹಿರಿದು’ ಅನ್ನುವುದು ‘ಹೆ’ ಆಗಿ ಸೇರಿದರೆ ದೊಡ್ಡದು. ಕಿರುಬೆರಳು, ಹೆಬ್ಬೆರಳು. ಕಿರುದಾರಿ, ಹೆದ್ದಾರಿ. ಹೆಮ್ಮರ, ಹೆಬ್ಬಾಗಿಲು, ಹೆಬ್ಬಾವು, ಹೆಜ್ಜೇನು. ಹಳೆಯ ಶಾಸನಗಳಲ್ಲಿ ಕೃಷ್ಣಾ ನದಿಗೆ ‘ಪೆರ್ದೊರೆ’ ಅಂತ ಹೆಸರಿದೆ, ದೊಡ್ಡ ತೊರೆ ಅಂತ. ಯಾದಗಿರಿ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಅದನ್ನು ನೋಡಿದವರಿಗೆ ಆ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಎಲ್ಲ ಕಡೆ ಈ ಆಟ ನಡೆಯುವುದಿಲ್ಲ. ಕಿರುನಗೆಗೆ ‘ಹೆನ್ನಗೆ’ ಇಲ್ಲ.

ಮಾತನ್ನು ದೊಡ್ಡದು ಮಾಡುವುದಕ್ಕೆ?

ಇದರಲ್ಲಿ ನಾವು ಬಡವರಲ್ಲ. ಕಡ್ಡಿಯನ್ನು ಗುಡ್ಡ ಮಾಡು, ರೆಕ್ಕೆ ಪುಕ್ಕ ಕಟ್ಟು, ಉಪ್ಪು ಖಾರ ಹಚ್ಚು, ಮಾತಿಗೆ ಮಾತು ಬೆಳೆಸು, ಹನುಮಂತನ ಬಾಲ ಮಾಡು. ಸಣ್ಣದು ಮಾಡುವುದಕ್ಕೆ ‘ಚುಟುಕಾಗಿ ಹೇಳು’, ‘ಸಾಕು ಮಾಡು’ ಬಿಟ್ಟರೆ ಬೇಗ ನೆನಪಿಗೆ ಬರುವುದಿಲ್ಲ.

ಜಿಲ್ಲೆ ಸಣ್ಣದಾದರೆ ಏನನ್ನಬೇಕು?

ನಮ್ಮ ಜಿಲ್ಲೆ ಆಗಿದೆಯಲ್ಲ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಬೇರೆ ಜಿಲ್ಲೆಯಾಯಿತು, ಆಗಿನ ಗುಲಬರ್ಗಾ ಅಷ್ಟು ಕಿರಿದಾಯಿತು. ಅದಕ್ಕೆ ಕುಗ್ಗಿತು ಅನ್ನುವುದಿಲ್ಲ, ‘ವಿಭಜನೆ’. ವಿರುದ್ಧ ‘ವಿಲೀನ’. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಗುಲಬರ್ಗಾ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಆಗ ಮೈಸೂರು ರಾಜ್ಯ ‘ವಿಸ್ತಾರ’ವಾಯಿತು. ನೆಲಕ್ಕೆ ವಿಸ್ತಾರ, ಬಳ್ಳಿಗೆ ಹಬ್ಬುವುದು, ಸುದ್ದಿಗೆ ಹರಡುವುದು.

‘ತುಟ್ಟಿ’ ಅಂದರೆ ಬೆಂಗಳೂರಿನವರಿಗೆ ತಿಳಿಯುವುದಿಲ್ಲ. ಅದು ಸರಿಯಾದ ಪದನಾ?

ಪೂರ್ತಿ ಸರಿ. ಬೆಲೆ ಏರಿದೆ ಅನ್ನುವುದಕ್ಕೆ ನಮ್ಮಲ್ಲಿ ‘ತುಟ್ಟಿ ಆಗ್ಯಾದ’, ಇಳಿದರೆ ‘ಸೋವಿ’. ಬೆಂಗಳೂರಿನ ಸರಕಾರಿ ನೌಕರರೂ ಸಂಬಳದ ಜೊತೆ ‘ತುಟ್ಟಿಭತ್ಯೆ’ ತೆಗೆದುಕೊಳ್ಳುತ್ತಾರೆ, ಪದ ತಿಳಿಯುವುದಿಲ್ಲ ಅಂದರೆ ಹೇಗೆ?

ಬೆಳೆ, ಬೇಳೆ, ಬೆಲೆ, ಮೂರೂ ಗೊಂದಲ. ನೆನಪಿಡಲು ಏನಾದರೂ ಉಪಾಯ?

ಕಲಬುರಗಿಯಲ್ಲಿದ್ದು ಈ ಗೊಂದಲ ಮಾಡಿಕೊಳ್ಳಬಾರದು. ಹೊಲದಲ್ಲಿ ಇರುವುದು ‘ಬೆಳೆ’. ಕ್ರಿಯಾಪದವೂ ಅದೇ, ಬೆಳೆಯುತ್ತದೆ ಬೆಳೆ. ಮಿಲ್ಲಿಗೆ ಹೋಗಿ ಸಿಪ್ಪೆ ಬಿಟ್ಟು ಎರಡು ಹೋಳಾದ ತೊಗರಿ ‘ಬೇಳೆ’, ಅಂದರೆ ಬೆಳೆದದ್ದು ಮತ್ತೆ ಸಣ್ಣದಾಗಿರುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ಈ ಬೇಳೆಗೇ, ಗುಲಬರ್ಗಾ ತೊಗರಿ ಬೇಳೆ ಅನ್ನುವ ಹಳೆಯ ಹೆಸರಿನಲ್ಲಿ. ಅದಕ್ಕೆ ಎಪಿಎಂಸಿಯಲ್ಲಿ ಸಿಗುವುದು ‘ಬೆಲೆ’, ಅದು ಏರುತ್ತದೆ, ಇಳಿಯುತ್ತದೆ. ಹೋದ ವಾರ ಈ ಮೂರನ್ನೂ ಸೇರಿಸಿ ಒಂದು ವಾಕ್ಯ ಬರೆಯಿರಿ ಅಂದೆ. ರೈತರ ಮನೆಯ ಹುಡುಗ ಬರೆದ: ‘ಬೆಳೆ ಬಂದಾಗ ಬೆಲೆ ಇರಲ್ಲ, ಬೆಲೆ ಬಂದಾಗ ನಮ್ಮ ಮನೆಯಲ್ಲಿ ಬೇಳೆ ಇರಲ್ಲ.’ ಕಾಗುಣಿತ ಎಲ್ಲ ಸರಿ ಇತ್ತು.